ನಾಲೆಯೂ ಶಾಲೆಯೂ



ಹಿರಿಯರ ನೆನಪನ್ನು ಉಳಿಸಲು ಸರ್ಕಾರಗಳು ಹಿಡಿಯುವ ಮಾರ್ಗಗಳಲ್ಲಿ ಅಂಚೆಚೀಟಿಯೂ ಒಂದು. ಚೀನಾ ದೇಶವು 1991ರಲ್ಲಿ ಟಾವೊ ಷಿಂಗ್‌ಜಿ ಎಂಬ ವಿದ್ಯಾಸುಧಾರಕರ ಜನ್ಮಶತಾಬ್ದಿಗೆ ಚೀಟಿಗಳನ್ನು ಹೊರಡಿಸಿತು. ಅದಕ್ಕೂ ಮೊದಲು, 1960ರಲ್ಲಿ, ಭಾರತ ಸರ್ಕಾರವು ಸರ್ ಎಂ. ವಿಶ್ವೇಶ್ವರಯ್ಯನವರ ಚಿತ್ರವುಳ್ಳ ಚೀಟಿಯನ್ನು ಅವರು ಬದುಕಿರುವಾಗಲೇ ಹೊರಡಿಸಿತ್ತು. ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆ ಅವರ ಹೆಸರೆತ್ತಿದರೆ ಜನರಿಗೆ ಮೊದಲು ನೆನಪಾಗುವುದು ಕನ್ನಂಬಾಡಿ ಕಟ್ಟೆ ಮತ್ತು ನಾಲೆ. ವಿದ್ಯೆಗಾಗಿ ಅವರು ಪಟ್ಟ ಶ್ರಮ ಅಷ್ಟಾಗಿ ನೆನಪಿಗೆ ಬಾರದು. ಈ ಎರಡು ಕೆಲಸಗಳೂ ಬೇರೆಬೇರೆಯಲ್ಲವೆಂಬುದೇ ಈ ದಿನ ನಾವು ಹೇಳಬೇಕೆಂದಿರುವ ಮಾತು.

1911ರಲ್ಲಿ ಮೈಸೂರು ಸಂಸ್ಥಾನದಲ್ಲಿ ಆರ್ಥಿಕ ಸಮ್ಮೇಳನವು ಏರ್ಪಟ್ಟಾಗ ವ್ಯವಸಾಯ ಮತ್ತು ಕೈಗಾರಿಕೆಗಳೊಡನೆ ವಿದ್ಯಾಭ್ಯಾಸಕ್ಕೂ ಸ್ಥಾನ ದೊರೆಯಿತು. ಬಡತನಕ್ಕೂ ಅಜ್ಞಾನಕ್ಕೂ ಮದ್ದು ಒಟ್ಟಿಗೇ ನಡೆಯಬೇಕೆಂಬ ಭಾವನೆ ಅಲ್ಲಿತ್ತು. ವಿಶ್ವೇಶ್ವರಯ್ಯನವರು 1912ರಲ್ಲಿ ದಿವಾನರಾದರು. 1913ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ಕಾಯಿದೆ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು, ಹೀಗೆ ಒಂದರ ಹಿಂದೊಂದು ಬಂದವು.

ಆದರೆ ಕಾಯಿದೆಯೊಂದೇ ಶಾಲೆಯನ್ನು ತುಂಬಿಸಬಲ್ಲುದೆ? ಮಳೆ ತಪ್ಪಿದ ವರ್ಷ ದನ ಕಾಯುವ ಹುಡುಗನ ಕೂಲಿಯೂ ಮನೆಗೆ ಬೇಕಾಗುತ್ತದೆ. ಅವನ ಕೈಗೆ ಹಲಗೆ ಬಳಪ ಬರಬೇಕಾದರೆ ಮೊದಲು ಗದ್ದೆಗೆ ನೀರು ಬರಬೇಕು. 1911ರಲ್ಲಿ ಆರಂಭವಾದ ಕಟ್ಟೆಯ ನೀರು ಸರ್ ಮಿರ್ಜಾ ಇಸ್ಮಾಯಿಲ್‌ರವರ ದಿವಾನಗಿರಿಯ ಕಾಲದಲ್ಲಿ ಈ ಸೀಮೆಗೆ ಹರಿಯಿತು. ಆಗ ಇರ್ವಿನ್ ನಾಲೆ ಎನ್ನಿಸಿಕೊಂಡಿದ್ದುದೇ ಈಗಿನ ವಿಶ್ವೇಶ್ವರಯ್ಯ ನಾಲೆ. 1933ರಲ್ಲಿ ಸಕ್ಕರೆ ಕಂಪನಿ ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. 1962ರಲ್ಲಿ ಕೆ. ವಿ. ಶಂಕರಗೌಡರ ಪ್ರಯತ್ನದಿಂದ ಮಂಡ್ಯದಲ್ಲಿಯೇ ಇಂಜಿನಿಯರಿಂಗ್ ಕಾಲೇಜೊಂದು ತೆರೆಯಿತು. ವಿಶ್ವೇಶ್ವರಯ್ಯನವರು ತೀರಿಕೊಂಡುದೂ ಅದೇ ವರ್ಷ. ಕಬ್ಬು ಬೆಳೆಯುವವನ ಮಗನು ತನ್ನ ಊರ ಹತ್ತಿರವೇ ಅವರ ವೃತ್ತಿಯನ್ನು ಕಲಿಯುವಂತಾದುದು ಚೀಟಿಗಿಂತಲೂ ಹಿರಿದಾದ ಸ್ಮಾರಕವೆಂದು ನಮಗೆ ತೋರುತ್ತದೆ.

ಹಾಗೆಂದು ತೃಪ್ತರಾಗಿ ಕುಳಿತುಕೊಳ್ಳುವಂತಿಲ್ಲ. ನಾಲೆಯ ಯೋಗ್ಯತೆಯನ್ನು ತಿಳಿಯಬೇಕಾದುದು ಕಟ್ಟೆಯ ಬಳಿಯಲ್ಲಲ್ಲ, ಕಡೆಯ ತೂಬಿನಲ್ಲಿ. ಮದ್ದೂರು, ಮಳವಳ್ಳಿಗಳ ಕೊನೆಭಾಗದ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೇಲಿನವರು ಕಟ್ಟಿಕೊಂಡ ನೀರು ಕೆಳಗಿನವರಿಗೆ ಮುಟ್ಟುವುದಿಲ್ಲ. ವಿದ್ಯೆಯ ಸ್ಥಿತಿಯೂ ಹಾಗೆಯೇ. ಓದಿದ ನಾವು ನಮ್ಮಷ್ಟಕ್ಕೆ ನಿಲ್ಲಿಸಿಕೊಂಡರೆ ಕಡೆಯ ಮನೆಯ ಮಗು ಒಣಗಿದ ಗದ್ದೆಯಂತೆ ಉಳಿಯುತ್ತದೆ.

ಇಲ್ಲಿ ಟಾವೊರವರ ಮಾತು ಉಪಯೋಗಕ್ಕೆ ಬರುತ್ತದೆ. ಅಮೆರಿಕದ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಓದಿದ ಆ ವಿದ್ವಾಂಸರು 1927ರಲ್ಲಿ ನಾನ್‌ಜಿಂಗ್ ನಗರದ ಹೊರಗೆ, ಹಳ್ಳಿಯ ಉಪಾಧ್ಯಾಯರನ್ನು ತಯಾರಿಸುವ ಶಾಲೆಯನ್ನು ತೆರೆದರು. ಮುಂದೆ ಅವರು ‘ಪುಟ್ಟ ಗುರು’ಗಳ ಪದ್ಧತಿಯನ್ನು ಪ್ರಚಾರಕ್ಕೆ ತಂದರು. ಶಾಲೆಯಲ್ಲಿ ನಾಲ್ಕಕ್ಷರ ಕಲಿತ ಮಗು ಸಂಜೆ ತನ್ನ ಅಜ್ಜಿಗೋ ನೆರೆಮನೆಯ ಗೆಳೆಯನಿಗೋ ಅದನ್ನು ಕಲಿಸಬೇಕು. ಇದಕ್ಕೆ ಕಟ್ಟಡ ಬೇಡ, ಬೊಕ್ಕಸ ಬೇಡ. ಮೇಲಿನಿಂದ ಬಂದುದನ್ನು ಕೆಳಗಿನ ಗದ್ದೆಗೆ ಬಿಡುವ ಮನಸ್ಸಿದ್ದರೆ ಸಾಕು.

ಚೀಟಿಯ ಮೇಲೆ ಮಹನೀಯರ ಚಿತ್ರವಿದ್ದರೆ ಸಂತೋಷವೇ. ಆದರೆ ಅದನ್ನು ಅಂಟಿಸುವುದಕ್ಕೆ ಕಾಗದವೊಂದನ್ನು ಬರೆದಿರಬೇಕಷ್ಟೆ! ಆ ಕಾಗದವನ್ನು ಬರೆಯಲು ಒಬ್ಬರಿಗಾದರೂ ಕಲಿಸಿದೆವೇ ಎಂದು ನಾವೂ ನೀವೂ ಕೇಳಿಕೊಳ್ಳೋಣ.