ಜಾತ್ರೆಯಿಂದ ಮರಳುವ ದಾರಿ

ಪುಷ್ಯಮಾಸದ ಚಳಿ ಬಿದ್ದಿತೆಂದರೆ ನಮ್ಮ ಬನಹಟ್ಟಿ, ರಬಕವಿಗಳ ನೇಕಾರ ಓಣಿಗಳಲ್ಲಿ ಜಾತ್ರೆಯ ಮಾತು ಸುರುವಾಗುತ್ತದೆ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಯ ತೇರು. ಇಲ್ಲಿನ ಎಷ್ಟೋ ನೇಕಾರ ಮನೆತನಗಳಿಗೆ ಆಕೆ ಕುಲದೇವತೆ. ಹೋಗದೆ ಇರುವ ಮಾತೇ ಇಲ್ಲ. ಅದೇ ಹುಣ್ಣಿಮೆಗೂ ಮುಂದಿನ ಭಾರತ ಹುಣ್ಣಿಮೆಗೂ ಸವದತ್ತಿಯ ಎಲ್ಲಮ್ಮನ ಗುಡ್ಡ, ಮಾಘದಲ್ಲಿಯೇ ಚಿಂಚಲಿಯ ಮಾಯಕ್ಕ, ನಡುವೆ ಸಂಕ್ರಾಂತಿಯ ಪುಣ್ಯಸ್ನಾನಕ್ಕೆ ಕೂಡಲಸಂಗಮ, ಯುಗಾದಿ ಸಮೀಪಿಸಿದಂತೆ ಶ್ರೀಶೈಲ. ರೊಟ್ಟಿಬುತ್ತಿ ಕಟ್ಟಿಕೊಂಡು ಬಾಡಿಗೆಯ ಕ್ರೂಸರಿನಲ್ಲಿ ಹನ್ನೆರಡು ಹದಿನೈದು ಮಂದಿ ಒತ್ತಿ ಕುಳಿತು ಹೊರಡುವ ಸಂಭ್ರಮವನ್ನು ನೀವೂ ಬಲ್ಲಿರಿ.

ಜಾತ್ರೆ ಎಂಬುದು ಯಾತ್ರೆ ಎಂಬ ಮಾತಿನ ತದ್ಭವ. ಯಕಾರವು ಜಕಾರವಾಗುವುದು ಕನ್ನಡದ ಹಳೆಯ ರೂಢಿ. ಯೌವನವು ಜವ್ವನವಾದಂತೆ, ಯಮನು ಜವನಾದಂತೆ. ಸಂಸ್ಕೃತದಲ್ಲಿಯಾದರೋ ಜವ ಎಂದರೆ ವೇಗ. ಹೀಗಾಗಿ ಕನ್ನಡ ನಿಘಂಟನ್ನು ತೆರೆದರೆ ವೇಗವೂ ಯಮನೂ ಅಕ್ಕಪಕ್ಕದಲ್ಲಿ ಕುಳಿತಿರುವುದನ್ನು ಕಾಣಬಹುದು. ಇದು ಶಬ್ದಗಳ ಆಕಸ್ಮಿಕವೇ ಸರಿ. ಆದರೂ ತರಗತಿಯಲ್ಲಿ ಹೇಳಿದರೆ ಹುಡುಗರು ಮರೆಯುವುದಿಲ್ಲ.

ಇನ್ನು ವಿಷಯಕ್ಕೆ ಬರೋಣ. ಜಾತ್ರೆಗೆ ಹೋಗುವಾಗ ನಮ್ಮ ಜನ ಸಾಕಷ್ಟು ಎಚ್ಚರದಿಂದಲೇ ಹೋಗುತ್ತಾರೆ. ಬೆಳಗಿನ ಹೊತ್ತು, ಮೈಯಲ್ಲಿ ಉತ್ಸಾಹ, ಸಾರಥಿಗೂ ನಿದ್ದೆಯಾಗಿರುತ್ತದೆ. ಭಯವಿರುವುದು ಮರಳುವ ದಾರಿಯಲ್ಲಿ. ತೇರು ನೋಡಿ, ಹಣ್ಣುಕಾಯಿ ಮಾಡಿಸಿ, ಬಳೆ ಬತ್ತಾಸು ಕೊಂಡು, ನಾಟಕದ ಒಂದೆರಡು ಅಂಕವನ್ನೂ ಕಂಡು, ‘ನಾಳೆ ಮಗ್ಗ ಹಚ್ಚಬೇಕು, ನಡೀರಿ’ ಎಂದು ನಡುರಾತ್ರಿ ಹೊರಡುತ್ತೇವೆ. ಆ ವೇಳೆಗೆ ಲೋಕಾಪುರ, ಮುಧೋಳ, ಮಹಾಲಿಂಗಪುರಗಳ ದಾರಿಯಲ್ಲಿ ನಮಗಿಂತ ಮುಂಚೆ ಬೇರೊಬ್ಬರು ಹೊರಟಿರುತ್ತಾರೆ. ಅವರೇ ಕಬ್ಬಿನ ಗಾಡಿಯವರು.

ಕಬ್ಬು ನುರಿಸುವ ಹಂಗಾಮು ಸಾಮಾನ್ಯವಾಗಿ ನವೆಂಬರದಲ್ಲಿ ಸುರುವಾಗಿ ಫೆಬ್ರುವರಿ, ಮಾರ್ಚಿಯವರೆಗೆ ನಡೆಯುತ್ತದೆ. ನಮ್ಮ ದೊಡ್ಡ ಜಾತ್ರೆಗಳೆಲ್ಲ ಬರುವುದೂ ಇದೇ ತಿಂಗಳುಗಳಲ್ಲಿ. ಸಮೀರವಾಡಿ, ಮುಧೋಳ, ಜಮಖಂಡಿ ಭಾಗದ ಕಾರ್ಖಾನೆಗಳಿಗೆ ಹಗಲಿರುಳೆನ್ನದೆ ಕಬ್ಬು ಸಾಗುತ್ತದೆ. ಒಂದು ಟ್ರ್ಯಾಕ್ಟರು, ಅದರ ಹಿಂದೆ ಎರಡು ಟ್ರೇಲರು, ಅವುಗಳ ಮೇಲೆ ಆಳೆತ್ತರಕ್ಕೂ ಮೀರಿದ ಹೇರು. ಟ್ರ್ಯಾಕ್ಟರಿನ ಹಿಂದೀಪವನ್ನು ಹೇರು ಮುಚ್ಚಿಬಿಡುತ್ತದೆ; ಎರಡನೆಯ ಟ್ರೇಲರಿಗೆ ದೀಪದ ತಂತಿಯೇ ಎಷ್ಟೋ ಸಲ ಇರುವುದಿಲ್ಲ. ಮುಂದಿನ ದೀಪ ಒಂದೇ ಉರಿಯುತ್ತಿದ್ದರೆ ಎದುರಿನಿಂದ ಬರುವವನು ಅದನ್ನು ಮೋಟಾರುಸೈಕಲ್ಲೆಂದು ತಿಳಿದು ಮೋಸಹೋಗುತ್ತಾನೆ. ಹಾಡಿನ ಪೆಟ್ಟಿಗೆ ಮಾತ್ರ ಮೂರು ಹೊಲದಾಚೆಗೂ ಕೇಳುವಂತೆ ಒದರುತ್ತಿರುತ್ತದೆ. ನಿಮ್ಮ ಹಾರ್ನು ಆ ಸಾರಥಿಯ ಕಿವಿಗೆ ಬೀಳುವುದುಂಟೇ?

ಓಡುವ ಗಾಡಿಗಿಂತ ಕೆಟ್ಟು ನಿಂತ ಗಾಡಿ ಘಾತುಕ. ಟೈರು ಒಡೆದರೆ ಕತ್ತಲಲ್ಲಿಯೇ ರಸ್ತೆಯ ಮಗ್ಗುಲಿಗೆ ಬಿಟ್ಟು, ಸುತ್ತ ನಾಲ್ಕು ಕಲ್ಲು, ಒಂದು ಜಾಲಿಯ ಟೊಂಗೆ ಇಟ್ಟು ಹೋಗುತ್ತಾರೆ. ಗಾಡಿ ದುರಸ್ತಿಯಾಗಿ ಮುಂದೆ ಹೋದ ಮೇಲೂ ಕಲ್ಲುಗಳು ಅಲ್ಲಿಯೇ ಉಳಿಯುತ್ತವೆ. ಹಿಂದೆ ಚಕ್ಕಡಿ ಹೂಡುತ್ತಿದ್ದ ನಮ್ಮ ಹಿರಿಯರು ಇರುಳು ಪ್ರಯಾಣದಲ್ಲಿ ಅಚ್ಚಿನ ಕೆಳಗೆ ಕಂದೀಲು ತೂಗಹಾಕುತ್ತಿದ್ದರು. ಎತ್ತಿನ ನಡಿಗೆಗೇ ಅಷ್ಟು ಬೆಳಕು ಬೇಕಾಗಿತ್ತು.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಹೆಚ್ಚುಕಡಿಮೆ 17 ಮೀಟರ್ ಓಡುತ್ತದೆ. ಕಣ್ಣು ಕಂಡು, ಬುದ್ಧಿ ತಿಳಿದು, ಕಾಲು ಬ್ರೇಕಿನ ಮೇಲೆ ಬೀಳಲು ಒಂದೂವರೆ ಸೆಕೆಂಡು ಹಿಡಿಯಿರಿ. ಅಷ್ಟರಲ್ಲಿ 25 ಮೀಟರ್ ಹೋಯಿತು. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕಿಗೆ ಗಾಡಿ ನಿಲ್ಲಲು ಇನ್ನೂ 20 ಮೀಟರ್. ಒಟ್ಟು 45. ವೇಗ 80 ಆದರೆ ಈ ಮೊತ್ತ 70 ಮೀಟರಿನ ಸಮೀಪಕ್ಕೆ ಹೋಗುತ್ತದೆ. ಎದುರಿನ ಗಾಡಿಗಾಗಿ ನೀವು ದೀಪ ತಗ್ಗಿಸಿದಾಗ ದೀಪವಿಲ್ಲದ ಕಪ್ಪು ಟ್ರೇಲರು ಕಾಣಿಸುವುದು ಸುಮಾರು 40, 50 ಮೀಟರಿನೊಳಗೆ ಬಂದ ಮೇಲೆಯೇ. ಉಳಿದುದನ್ನು ನೀವೇ ಕಳೆದು ನೋಡಿರಿ. 50ರ ವೇಗದಲ್ಲಿ ಹೋಗುವವನು ಸುಮಾರು 35 ಮೀಟರಿನಲ್ಲಿ ನಿಲ್ಲಬಲ್ಲ. ಎದುರುದೀಪ ಕಣ್ಣಿಗೆ ಹೊಡೆದರೆ ಎಡಬದಿಯ ಬಿಳಿಗೆರೆಯನ್ನು ನೋಡುತ್ತ ಇನ್ನೂ ನಿಧಾನಿಸಬೇಕು. ಕೃಷ್ಣೆಯ ದಂಡೆಯ ನೀರಾವರಿ ಹೊಲಗಳ ನಡುವೆ ಬೆಳಗಿನ ಜಾವ ಮಂಜು ಕವಿದಿದ್ದರೆ ಈ ಲೆಕ್ಕವೂ ನಡೆಯದು. ಊರು ಕಂಡಲ್ಲಿ ನಿಲ್ಲಿಸಿ ಚಹಾ ಕುಡಿಯುವುದೇ ಲೇಸು.

ಎರಡನೆಯ ಸಂಗತಿ ಸಾರಥಿಯ ನಿದ್ದೆ. ನಾವು ಗುಡಿಯ ಪೌಳಿಯಲ್ಲಿ ಮಲಗಿ ಎದ್ದು ಬಂದಿರುತ್ತೇವೆ. ಆತ ಗಾಡಿ ಕಾಯುತ್ತ ಕುಳಿತಿರುತ್ತಾನೆ. ಹಿಂದಿನ ರಾತ್ರಿ ಬೇರೆ ಮಂದಿಯನ್ನು ಬಿಟ್ಟು ಬಂದಿದ್ದರೂ ಬಾಡಿಗೆ ತಪ್ಪೀತೆಂದು ಬಾಯಿ ಬಿಡುವುದಿಲ್ಲ. ‘ನಿದ್ದಿ ಬಂದೈತೇನೋ ತಮ್ಮಾ?’ ಎಂದರೆ, ‘ಇಲ್ರೀ ಯಜಮಾನ್ರ, ಏನೂ ಇಲ್ಲ’ ಎಂಬ ಒಂದೇ ಉತ್ತರ. ಆ ಉತ್ತರವನ್ನು ನಂಬಬೇಡಿರಿ. ನಡುರಾತ್ರಿ ಕಳೆದು ಬೆಳಕು ಹರಿಯುವವರೆಗೆ ಮನುಷ್ಯದೇಹ ತಾನಾಗಿಯೇ ನಿದ್ದೆಗೆ ಜಾರುತ್ತದೆ. ಕಿಟಕಿ ತೆರೆದ ಗಾಳಿ, ಜೋರಾದ ಹಾಡು, ಎಲೆಯಡಿಕೆ ಇವು ಯಾವುವೂ ಅದನ್ನು ಬಹಳ ಹೊತ್ತು ತಡೆಯಲಾರವು. ಬಾಡಿಗೆ ಗೊತ್ತುಮಾಡುವಾಗಲೇ ‘ನಿನ್ನೆ ರಾತ್ರಿ ಎಲ್ಲಿದ್ದಿ?’ ಎಂದು ಕೇಳಬೇಕು. ಜಾತ್ರೆಯಲ್ಲಿ ಅವನನ್ನು ನಮ್ಮ ಬುತ್ತಿಗೆ ಕರೆದು, ಉಂಡ ಮೇಲೆ ಅವನಿಗೊಂದು ಕಂಬಳಿ ಹಾಸಿಕೊಟ್ಟು, ಗಾಡಿಯನ್ನು ನಮ್ಮ ಹುಡುಗರು ಕಾಯಲಿ. ಬೆಳಕು ಹರಿದ ಮೇಲೆ ಹೊರಟರೆ ಅರ್ಧ ದಿನದ ನೇಯ್ಗೆ ಹೋಗುತ್ತದೆ, ನಿಜ. ಮಜೂರಿಯ ಮೇಲೆ ಬದುಕುವ ಮನೆಗೆ ಅದು ಸಣ್ಣ ಮಾತೆಂದು ನಾನು ಹೇಳಲಾರೆ. ಆದರೆ ಆ ಅರ್ಧ ದಿನವನ್ನು ಜಾತ್ರೆಯ ಖರ್ಚಿನಲ್ಲಿಯೇ ಮೊದಲು ಹಿಡಿದುಬಿಡಿರಿ.

ಕಬ್ಬಿನ ಟ್ರೇಲರಿನಲ್ಲಿ ಹುಲ್ಲು ಹಾಸಿ ಜಾತ್ರೆಗೆ ಹೋಗುವವರಿದ್ದಾರೆ. ಅದು ಸರಕಿನ ಗಾಡಿ. ಜನರನ್ನು ಹೇರುವುದು ಕಾನೂನಿಗೂ ವಿರುದ್ಧ, ವಿವೇಕಕ್ಕೂ ವಿರುದ್ಧ. ಹೆಲ್ಮೆಟ್ಟು, ಸೀಟಿನ ಪಟ್ಟಿಗಳ ವಿಷಯವನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ಹಿಂದಿನ ಸೀಟಿನವರೂ ಪಟ್ಟಿ ಕಟ್ಟಬೇಕೆಂಬುದನ್ನಷ್ಟೇ ನೆನಪಿಸುತ್ತೇನೆ.

ಕಬ್ಬು ಬೆಳೆಯುವ ಬಂಧುಗಳಿಗೆ ಒಂದು ಮಾತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ವಾಹನದ ಹಿಂಬದಿಗೆ ಬೆಳಕು ಬಿದ್ದರೆ ಹೊಳೆಯುವ ಕೆಂಪು ಪ್ರತಿಫಲಕ ಇರಲೇಬೇಕು. ಹಂಗಾಮಿನ ಆರಂಭಕ್ಕೆ ಪೊಲೀಸರೇ ನಿಂತು ಅಂಟಿಸುವುದೂ ಉಂಟು. ಆದರೆ ನಾಲ್ಕು ಸಲ ಹೊಲಕ್ಕಿಳಿದರೆ ಎರೆಮಣ್ಣು ಮೆತ್ತಿ ಅದು ಇದ್ದೂ ಇಲ್ಲದಂತಾಗುತ್ತದೆ. ಹೇರು ಬಿಗಿಯುವಾಗ ಒಂದು ಅರಿವೆಯ ತುಂಡಿನಿಂದ ಒರೆಸಲು ಎಷ್ಟು ಹೊತ್ತು? ಯುಗಾದಿಯ ಮುಂಚೆ ಬಿಸಿಲಿಗೆ ಅಂಜಿ ಇರುಳೆಲ್ಲ ನಡೆಯುವ ಮಲ್ಲಯ್ಯನ ಪಾದಯಾತ್ರಿಕರೂ ಬೆನ್ನಿಗೆ ಇಂಥದೊಂದು ಪಟ್ಟಿ ಕಟ್ಟಿಕೊಳ್ಳುವುದು ಒಳ್ಳೆಯದು. ಕರಿಕಂಬಳಿ ಹೊದ್ದವನನ್ನು ಯಾವ ದೀಪವೂ ದೂರದಿಂದ ತೋರಿಸಲಾರದು.

2023ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1 ಲಕ್ಷ 70 ಸಾವಿರಕ್ಕೂ ಮಿಕ್ಕಿ ಜನ ಮಡಿದರು. ಗಾಯಾಳುಗಳನ್ನು ಕಂಡೂ ಪೊಲೀಸು, ಕೋರ್ಟುಗಳ ಭಯದಿಂದ ಮುಂದೆ ಹೋಗುವವರು ಈಗಲೂ ಇದ್ದಾರೆ. ಆ ಭಯಕ್ಕೆ ಈಗ ಆಧಾರವಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 134ಎ ಕಲಮು ಸದ್ಭಾವದಿಂದ ನೆರವಾದವರಿಗೆ ರಕ್ಷಣೆ ಕೊಟ್ಟಿದೆ. ಹೆಸರು ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. 108ಕ್ಕೆ ಫೋನು ಮಾಡಿರಿ. ಎಲ್ಲಿದ್ದೀರೆಂದು ಅವರು ಕೇಳಿಯೇ ಕೇಳುತ್ತಾರೆ. ಕತ್ತಲಲ್ಲಿ ಕಬ್ಬಿನ ಹೊಲಗಳೆಲ್ಲ ಒಂದೇ ತೆರನಾಗಿರುತ್ತವೆ. ಆದ್ದರಿಂದ ಹತ್ತಿರದ ಕಿಲೋಮೀಟರ್ ಕಲ್ಲಿಗೆ ಬ್ಯಾಟರಿ ಹಿಡಿದು, ಅದರ ಮೇಲಿನ ಊರಿನ ಹೆಸರನ್ನೂ ಅಂಕಿಯನ್ನೂ ಓದಿ ಹೇಳಿರಿ.