ಡೇಟಾಬೇಸ್ ಕೈಪಿಡಿಯಲ್ಲಿ ಏನು ಬರೆಯಬೇಕು?



ನಿಮ್ಮಲ್ಲಿ ಹಲವರು ಡಿಪ್ಲೊಮಾ, ಬಿ.ಸಿ.ಎ., ಇಂಜಿನಿಯರಿಂಗ್ ಓದುತ್ತಿದ್ದೀರಿ. ಪ್ರೋಗ್ರಾಮ್ ಬರೆಯಲು ಕಲಿಯುತ್ತೀರಿ. ಆದರೆ ಅದನ್ನು ಬಳಸುವವರಿಗೆ ಕೈಪಿಡಿ ಬರೆಯುವುದೂ ಒಂದು ವಿದ್ಯೆ. ಡೇಟಾಬೇಸ್ ಕೈಪಿಡಿಯಲ್ಲಿ ಬಹಳ ಕಷ್ಟದ ಪುಟವೆಂದರೆ 'ಟ್ರಾನ್ಸಾಕ್ಷನ್ ಐಸೊಲೇಷನ್ ಲೆವೆಲ್' ಕುರಿತದ್ದು. ಇಂದು ಅದರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಆದರೆ ಪೂರ್ತಿ ಆಗಬೇಕು, ಇಲ್ಲವಾದರೆ ಏನೂ ಆಗಬಾರದು. ಇಂಥ ಕೆಲಸಕ್ಕೆ ಟ್ರಾನ್ಸಾಕ್ಷನ್ ಎಂದು ಹೆಸರು. ಏಕಕಾಲಕ್ಕೆ ಹಲವರ ಕೆಲಸ ನಡೆಯುವಾಗ ಒಬ್ಬರದು ಇನ್ನೊಬ್ಬರಿಗೆ ಎಷ್ಟು ಕಾಣಬೇಕು ಎಂಬುದೇ ಐಸೊಲೇಷನ್. 1992ರ ಎಸ್‌ಕ್ಯೂಎಲ್ ಮಾನದಂಡ ಇದಕ್ಕೆ ನಾಲ್ಕು ಮಟ್ಟಗಳನ್ನು ಹೇಳಿತು.

ಬೂವನಹಳ್ಳಿಯ ರೈತರಿಗೆಲ್ಲ ಪಹಣಿ ಗೊತ್ತು. 'ಭೂಮಿ' ಯೋಜನೆಯಲ್ಲಿ ಅದು ಕಂಪ್ಯೂಟರಿಗೆ ಬಂದಿತು. ಕೇವಲ ಉದಾಹರಣೆಗಾಗಿ ನೋಡಿ: ಖಾತೆ ಬದಲಾವಣೆ ಇನ್ನೂ ಮಂಜೂರಾಗಿಲ್ಲ, ಆಗಲೇ ಹೊಸ ಹೆಸರಿನ ಪಹಣಿ ಹೊರಬಂತು ಎನ್ನಿ. ಅದನ್ನು ನಂಬಿ ಬ್ಯಾಂಕು ಸಾಲ ಕೊಟ್ಟ ಮೇಲೆ ಅರ್ಜಿ ತಿರಸ್ಕೃತವಾದರೆ ಗತಿಯೇನು? ಹೀಗೆ ಮುಗಿಯದ ಕೆಲಸವನ್ನು ಓದುವುದು 'ಡರ್ಟಿ ರೀಡ್'. ರೀಡ್ ಅನ್‌ಕಮಿಟೆಡ್ ಮಟ್ಟ ಇದಕ್ಕೆ ಎಡೆಗೊಡುತ್ತದೆ. ರೀಡ್ ಕಮಿಟೆಡ್ ತಡೆಯುತ್ತದೆ. ಆದರೆ ರೀಡ್ ಕಮಿಟೆಡ್‌ನಲ್ಲಿ ಅದೇ ಪಹಣಿಯನ್ನು ಎರಡನೇ ಸಲ ಓದುವಷ್ಟರಲ್ಲಿ ಹೆಸರು ಬದಲಾಗಿರಬಹುದು. ರಿಪೀಟಬಲ್ ರೀಡ್ ಅದನ್ನೂ ತಡೆಯುತ್ತದೆ. ಆಗಲೂ, ಒಂದು ಸರ್ವೆ ನಂಬರಿನ ಹಿಸ್ಸೆಗಳನ್ನು ಎಣಿಸಿ ಮತ್ತೆ ಎಣಿಸಿದರೆ, ನಡುವೆ ಪೋಡಿಯಾಗಿ ಹೊಸ ಹಿಸ್ಸೆ ಸೇರಿರಬಹುದು. ಇದು 'ಫ್ಯಾಂಟಮ್'. ಕೊನೆಯದು ಸೀರಿಯಲೈಸಬಲ್: ಕೆಲಸಗಳು ಒಂದಾದ ಮೇಲೊಂದು ನಡೆದಿದ್ದರೆ ಯಾವ ಫಲ ಬರುತ್ತಿತ್ತೋ ಅಂಥದ್ದೇ ಬರಬೇಕು.

ಇಷ್ಟು ಬರೆದರೆ ಸಾಕೇ? ಸಾಲದು. ಈ ವ್ಯಾಖ್ಯೆಗಳು ಅಸ್ಪಷ್ಟವೆಂದೂ ಕೆಲವು ದೋಷಗಳನ್ನು ಹಿಡಿಯುವುದಿಲ್ಲವೆಂದೂ 1995ರಲ್ಲಿ ಜಿಮ್ ಗ್ರೇ, ಫಿಲ್ ಬರ್ನ್‌ಸ್ಟೈನ್ ಮೊದಲಾದವರು ತೋರಿಸಿದರು. ಒಂದು ಹಾಸ್ಟೆಲ್‌ನಲ್ಲಿ ಇಬ್ಬರು ವಾರ್ಡನ್‌ಗಳಿದ್ದಾರೆ, ಒಬ್ಬರಾದರೂ ಇರಲೇಬೇಕೆಂಬ ನಿಯಮವಿದೆ ಎನ್ನಿ. ಇಬ್ಬರೂ ಒಂದೇ ಹೊತ್ತಿಗೆ ರಜೆ ಕೇಳುತ್ತಾರೆ. ಟ್ರಾನ್ಸಾಕ್ಷನ್ ಆರಂಭವಾದಾಗಿನ ಚಿತ್ರದಲ್ಲಿ ಇಬ್ಬರಿಗೂ 'ಇನ್ನೊಬ್ಬರು ಇದ್ದಾರೆ' ಎಂದು ಕಾಣುತ್ತದೆ. ಇಬ್ಬರಿಗೂ ರಜೆ ಮಂಜೂರು. ರಾತ್ರಿ ಮಕ್ಕಳ ಜೊತೆ ಯಾರೂ ಇಲ್ಲ! ಮೇಲೆ ಹೇಳಿದ ಮೂರು ದೋಷಗಳಲ್ಲಿ ಒಂದೂ ಇಲ್ಲಿ ನಡೆದಿಲ್ಲ ಎಂಬುದನ್ನು ಗಮನಿಸಿ. ಇಂಥ ಚಿತ್ರವನ್ನು ಆಧರಿಸಿದ ಮಟ್ಟಕ್ಕೆ 'ಸ್ನ್ಯಾಪ್‌ಶಾಟ್' ಎನ್ನುತ್ತಾರೆ. ಒರಾಕಲ್‌ನಲ್ಲಿ ಸೀರಿಯಲೈಸಬಲ್ ಕೇಳಿದರೂ ಸಿಗುವುದು ಇದೇ. ಪೋಸ್ಟ್‌ಗ್ರೆಸ್‌ನಲ್ಲೂ 2011ರ 9.1 ಆವೃತ್ತಿ ಬರುವವರೆಗೆ ಹೀಗೆಯೇ ಇತ್ತು. ಹೆಸರು ಒಂದೇ ಆದರೂ ಸಿಗುವ ಭರವಸೆ ಬೇರೆ.

ಆದ್ದರಿಂದ ಕೈಪಿಡಿ ಬರೆಯುವವರು ಮೂರು ವಿಷಯಗಳನ್ನು ಬಿಡದೆ ಹೇಳಬೇಕು.

ಮೊದಲನೆಯದು, ಬಳಕೆದಾರ ಏನನ್ನೂ ಆರಿಸದಿದ್ದರೆ ಯಾವ ಮಟ್ಟ ಸಿಗುತ್ತದೆ? ಪೋಸ್ಟ್‌ಗ್ರೆಸ್, ಒರಾಕಲ್‌ಗಳಲ್ಲಿ ರೀಡ್ ಕಮಿಟೆಡ್. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿಯಲ್ಲಿ ರಿಪೀಟಬಲ್ ರೀಡ್.

ಎರಡನೆಯದು, ಆ ಮಟ್ಟದಲ್ಲಿ ಯಾವ ತಪ್ಪು ನಡೆಯಬಹುದು? ಇದನ್ನು ವ್ಯಾಖ್ಯೆಯಿಂದ ಹೇಳಿದರೆ ಓದುಗರಿಗೆ ಹತ್ತುವುದಿಲ್ಲ. ಎಡಕ್ಕೆ ಒಬ್ಬ ಗುಮಾಸ್ತ, ಬಲಕ್ಕೆ ಇನ್ನೊಬ್ಬ; ಯಾರು ಯಾವಾಗ ಏನು ಮಾಡಿದರು, ಏನು ಕಂಡರು ಎಂದು ಸಾಲು ಸಾಲಾಗಿ ಬರೆದು ತೋರಿಸಿ.

ಮೂರನೆಯದು, ಬಳಕೆದಾರ ಏನು ಮಾಡಬೇಕು? ಪೋಸ್ಟ್‌ಗ್ರೆಸ್‌ನ ಸೀರಿಯಲೈಸಬಲ್‌ನಲ್ಲಿ ಒಬ್ಬ ವಾರ್ಡನ್‌ರ ಟ್ರಾನ್ಸಾಕ್ಷನ್ 40001 ಎಂಬ ಸಂಖ್ಯೆಯೊಡನೆ ರದ್ದಾಗುತ್ತದೆ. ಅದನ್ನು ಮೊದಲಿನಿಂದ ಮತ್ತೆ ನಡೆಸಬೇಕು. ಈ ಒಂದು ವಾಕ್ಯ ಕೈಪಿಡಿಯಲ್ಲಿ ಇಲ್ಲದಿದ್ದರೆ ಪ್ರೋಗ್ರಾಮ್ ಬರೆದವನು ಅದನ್ನು ಕೆಟ್ಟುಹೋದ ಯಂತ್ರದ ಗೊಣಗಾಟವೆಂದು ಬಿಟ್ಟುಬಿಡುತ್ತಾನೆ. ನಾಳೆ ಅದು ಒಬ್ಬ ಬಡ ವಿದ್ಯಾರ್ಥಿಯ ವಿದ್ಯಾರ್ಥಿವೇತನದ ಅರ್ಜಿಯಾಗಿದ್ದರೆ? ಅರ್ಜಿ ದಾಖಲಾಗದೆ ಹೋದದ್ದು ಅವನಿಗೆ ತಿಳಿಯುವುದೂ ಇಲ್ಲ.

ವಿದ್ಯಾರ್ಥಿಗಳೇ, ಪೋಸ್ಟ್‌ಗ್ರೆಸ್ ಉಚಿತವಾಗಿ ಸಿಗುತ್ತದೆ. ಎರಡು ಕಿಟಕಿಗಳನ್ನು ತೆರೆದು ಆ ಇಬ್ಬರು ವಾರ್ಡನ್‌ಗಳಿಗೆ ನೀವೇ ರಜೆ ಕೊಟ್ಟು ನೋಡಿ. ಕಂಡದ್ದನ್ನು ನಿಮ್ಮ ತಂಗಿಗೂ ಅರ್ಥವಾಗುವ ಕನ್ನಡದಲ್ಲಿ ಒಂದು ಪುಟ ಬರೆಯಿರಿ. ಹಾಗೆ ಬರೆಯಲು ಬಂದರೆ ವಿಷಯ ನಿಮಗೆ ತಿಳಿದಿದೆ ಎಂದೇ ಅರ್ಥ.