ಜಾಲಪುಟ ಹೆಣೆಯುವ ಇನ್ನೊಂದು ಬಗೆ

ಪರೀಕ್ಷೆಯ ಫಲಿತಾಂಶ ಬರುವ ದಿನ ಮನೆಮಂದಿಯೆಲ್ಲ ಕಂಪ್ಯೂಟರಿನ ಮುಂದೋ ಮೊಬೈಲಿನ ಮುಂದೋ ಕೂರುವುದನ್ನು ನೀವು ನೋಡಿದ್ದೀರಿ. ನೋಂದಣಿ ಸಂಖ್ಯೆ ಕೊಟ್ಟರೆ ಸಾಕು, ಹೆಸರು, ವಿಷಯ, ಅಂಕ ಎಲ್ಲವೂ ಗೆರೆ ಎಳೆದ ಪಟ್ಟಿಯಾಗಿ ಮೂಡುತ್ತವೆ. ಲಕ್ಷಾಂತರ ಮಕ್ಕಳಿಗೆ ಬೇಕಾದ ಈ ಪುಟಗಳನ್ನು ಯಾರೂ ಕುಳಿತು ಬರೆದಿರುವುದಿಲ್ಲ. ಕೇಳಿದ ಕ್ಷಣದಲ್ಲಿ ಒಂದು ಪ್ರೋಗ್ರಾಮ್ ಪುಟವನ್ನು ತಯಾರಿಸಿ ಕೊಡುತ್ತದೆ. ಅಂಥ ಪ್ರೋಗ್ರಾಮನ್ನು ಬರೆಯುವ ಒಂದು ವಿಶಿಷ್ಟ ಕ್ರಮವನ್ನು ಕುರಿತು ಇಂದು ನಾಲ್ಕು ಮಾತು ಹೇಳುತ್ತೇನೆ.

ಜಾಲಪುಟಗಳ ಭಾಷೆಯ ಹೆಸರು ಎಚ್‌ಟಿಎಂಎಲ್. ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ ಇದನ್ನು ರೂಪಿಸಿದರು. ಇದರಲ್ಲಿ ಬರಹದ ಪ್ರತಿ ಭಾಗಕ್ಕೂ ಮುಂದೊಂದು, ಹಿಂದೊಂದು ಗುರುತು ಇರುತ್ತದೆ. ಕೋನಾವರಣದೊಳಗೆ ಬರೆಯುವ ಈ ಗುರುತಿಗೆ ಟ್ಯಾಗ್ ಎನ್ನುತ್ತಾರೆ. ಪುಟದೊಳಗೆ ಪಟ್ಟಿ, ಪಟ್ಟಿಯೊಳಗೆ ಸಾಲು, ಸಾಲಿನೊಳಗೆ ಮನೆ, ಮನೆಯೊಳಗೆ ಅಂಕ. ದೊಡ್ಡ ಡಬ್ಬಿಯೊಳಗೆ ಚಿಕ್ಕ ಡಬ್ಬಿ ಇಟ್ಟ ಹಾಗೆ. ಇನ್ನೊಂದು ರೀತಿಯಲ್ಲಿ ನೋಡಿದರೆ ಇದೊಂದು ವಂಶವೃಕ್ಷ: ತಾಯಿ, ಮಕ್ಕಳು, ಮೊಮ್ಮಕ್ಕಳು.

ಆದರೆ ಈ ವೃಕ್ಷ ಎಷ್ಟೋ ಪ್ರೋಗ್ರಾಮುಗಳ ಕಣ್ಣಿಗೆ ಬೀಳುವುದೇ ಇಲ್ಲ. ಅವುಗಳ ಪಾಲಿಗೆ ಪುಟವೆಂದರೆ ಅಕ್ಷರಗಳ ಉದ್ದನೆಯ ಸರ. ತೆರೆಯುವ ಟ್ಯಾಗ್ ಒಂದು ತುಂಡು, ವಿದ್ಯಾರ್ಥಿಯ ಹೆಸರು ಒಂದು ತುಂಡು, ಮುಚ್ಚುವ ಟ್ಯಾಗ್ ಇನ್ನೊಂದು ತುಂಡು. ಎಲ್ಲವನ್ನೂ ಒಂದರ ಬಾಲಕ್ಕೆ ಒಂದು ಅಂಟಿಸಿದರೆ ಕೆಲಸ ಮುಗಿಯಿತು. ಹೀಗೆ ಅಂಟಿಸುವಾಗ ಮುಚ್ಚುವ ಟ್ಯಾಗ್ ಮರೆತುಹೋದರೆ ಪಟ್ಟಿ ಅಡ್ಡಾದಿಡ್ಡಿಯಾಗುತ್ತದೆ. ಅದು ಸಣ್ಣ ತೊಂದರೆ, ಬ್ರೌಸರು ಹೇಗೋ ಊಹಿಸಿ ಸರಿದೂಗಿಸುತ್ತದೆ. ದೊಡ್ಡ ತೊಂದರೆ ಬೇರೆ ಇದೆ. ಹೆಸರು ಬರೆಯುವ ಜಾಗದಲ್ಲಿ ಯಾರೋ ಒಬ್ಬರು ಹೆಸರಿನ ಬದಲು ಟ್ಯಾಗನ್ನೇ ಬರೆದುಕೊಟ್ಟರೆ? ಸರಕ್ಕೆ ಅದು ಹೆಸರೋ ಆಜ್ಞೆಯೋ ಗೊತ್ತಿಲ್ಲ. ಬ್ರೌಸರು ಅದನ್ನು ಆಜ್ಞೆಯೆಂದೇ ತಿಳಿದು ನಡೆಸಿಬಿಡುತ್ತದೆ.

ಇದು ಬರೀ ಊಹೆಯ ಮಾತಲ್ಲ. 2005ರ ಅಕ್ಟೋಬರ್ ತಿಂಗಳಿನಲ್ಲಿ ಅಮೆರಿಕದ ಸ್ಯಾಮಿ ಕಮ್ಕಾರ್ ಎಂಬ ಯುವಕ ಮೈಸ್ಪೇಸ್ ತಾಣದ ತನ್ನ ಪರಿಚಯ ಪುಟದಲ್ಲಿ ಒಂದು ಚಿಕ್ಕ ಪ್ರೋಗ್ರಾಮನ್ನು ಅಡಗಿಸಿಟ್ಟ. ಆ ಪುಟವನ್ನು ನೋಡಿದವರ ಪುಟಕ್ಕೂ ಅದು ತಾನಾಗಿ ನಕಲಾಯಿತು, ಅವರ ಗೆಳೆಯರ ಪಟ್ಟಿಗೆ ಸ್ಯಾಮಿಯ ಹೆಸರು ಸೇರಿತು. ಇಪ್ಪತ್ತು ಗಂಟೆಯೊಳಗೆ ಹತ್ತು ಲಕ್ಷ ಜನರಿಗೆ ಅದು ಹರಡಿತ್ತು. ತಾಣದವರು ಎಚ್ಚರ ವಹಿಸಿರಲಿಲ್ಲ ಎಂದಲ್ಲ. ಕೆಲವು ಟ್ಯಾಗುಗಳಿಗೆ ಮಾತ್ರ ಅವಕಾಶ ಕೊಟ್ಟು, ಜಾವಾಸ್ಕ್ರಿಪ್ಟ್ ಮುಂತಾದ ಅಪಾಯದ ಪದಗಳನ್ನು ಹುಡುಕಿ ಅಳಿಸುತ್ತಿದ್ದರು. ಆತ ಆ ಪದವನ್ನು ಎರಡು ಸಾಲಿಗೆ ಒಡೆದು ಬರೆದ. ಅಳಿಸುವ ಪ್ರೋಗ್ರಾಮಿಗೆ ಅದು ಕಾಣಲಿಲ್ಲ, ಬ್ರೌಸರು ಮಾತ್ರ ಎರಡನ್ನೂ ಕೂಡಿಸಿ ಓದಿಕೊಂಡಿತು! ಅಕ್ಷರದ ಸರದಲ್ಲಿ ಕೆಟ್ಟ ಪದವನ್ನು ಹೆಕ್ಕಿ ತೆಗೆಯುತ್ತೇವೆಂದು ಹೊರಟರೆ ಗತಿ ಹೀಗಾಗುತ್ತದೆ.

ಪುಟವನ್ನು ಸರವಾಗಿಸುವ ಮೊದಲು ವೃಕ್ಷವಾಗಿಯೇ ಇಟ್ಟುಕೊಂಡರೆ ಏನಾಗುತ್ತದೆ? ಇಲ್ಲಿಯೇ ಫಂಕ್ಷನಲ್ ಭಾಷೆಗಳ ಮಾತು ಬರುತ್ತದೆ. ಶಾಲೆಯ ಗಣಿತದಲ್ಲಿ ಕಲಿತ ಫಂಕ್ಷನ್ನನ್ನು ನೆನಪಿಸಿಕೊಳ್ಳಿ. ಮೂರನ್ನು ಕೊಟ್ಟರೆ ಅದರ ವರ್ಗ ಒಂಬತ್ತು. ಇಂದು ಕೊಟ್ಟರೂ ನಾಳೆ ಕೊಟ್ಟರೂ ಒಂಬತ್ತೇ. ಅಂಥ ಫಂಕ್ಷನ್ನುಗಳನ್ನು ಒಂದಕ್ಕೊಂದು ಜೋಡಿಸಿ ಪ್ರೋಗ್ರಾಮ್ ಬರೆಯುವ ಭಾಷೆಗಳಿವು. ಇವುಗಳಲ್ಲಿ ಹಿರಿಯದು ಲಿಸ್ಪ್. 1958ರಲ್ಲಿ ಜಾನ್ ಮೆಕಾರ್ಥಿ ಅದನ್ನು ರೂಪಿಸತೊಡಗಿದಾಗ ಜಾಲವೂ ಇರಲಿಲ್ಲ, ಪುಟವೂ ಇರಲಿಲ್ಲ. ಆದರೆ ಲಿಸ್ಪ್‌ನಲ್ಲಿ ಎಲ್ಲವೂ ಆವರಣದೊಳಗೆ ಆವರಣ, ಪಟ್ಟಿಯೊಳಗೆ ಪಟ್ಟಿ. ಎಚ್‌ಟಿಎಂಎಲ್ ಬಂದಾಗ ಅದರ ವೃಕ್ಷ ಲಿಸ್ಪ್‌ನ ಪಟ್ಟಿಗೆ ಹೇಳಿ ಮಾಡಿಸಿದ ಹಾಗೆ ಹೊಂದಿಕೊಂಡಿತು. 1995ರಲ್ಲಿ ಪಾಲ್ ಗ್ರಹಾಂ ಮತ್ತು ರಾಬರ್ಟ್ ಮಾರಿಸ್ ವಯಾವೆಬ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ವ್ಯಾಪಾರಿಗಳು ತಮ್ಮ ಅಂಗಡಿಯ ಪುಟಗಳನ್ನು ಬ್ರೌಸರಿನಲ್ಲಿಯೇ ಕಟ್ಟಿಕೊಳ್ಳುವ ವ್ಯವಸ್ಥೆ ಅದು. ಬಹುಮಟ್ಟಿಗೆ ಲಿಸ್ಪ್‌ನಲ್ಲಿ ಬರೆದದ್ದು. 1998ರಲ್ಲಿ ಯಾಹೂ ಅದನ್ನು ಕೊಂಡುಕೊಂಡಿತು.

ಈಗ ನಮ್ಮ ಅಂಕಪಟ್ಟಿಗೆ ಬರೋಣ. ವಿಷಯ ಮತ್ತು ಅಂಕವನ್ನು ಕೊಟ್ಟರೆ ಒಂದು ಸಾಲನ್ನು ಮರಳಿಸುವ ಒಂದು ಪುಟ್ಟ ಫಂಕ್ಷನ್ ಬರೆಯುತ್ತೇವೆ. ಆರು ವಿಷಯಗಳ ಪಟ್ಟಿಯ ಮೇಲೆ ಅದನ್ನು ಒಂದೊಂದಾಗಿ ಹಾಯಿಸಿದರೆ ಆರು ಸಾಲು ಸಿದ್ಧ; ಹೀಗೆ ಹಾಯಿಸುವ ಕೆಲಸಕ್ಕೆ ಮ್ಯಾಪ್ ಎಂದು ಹೆಸರು. ಆ ಆರು ಸಾಲುಗಳನ್ನು ಪಟ್ಟಿ ಎಂಬ ಫಂಕ್ಷನ್ನಿಗೆ ಒಪ್ಪಿಸಿದರೆ ಅಂಕಪಟ್ಟಿಯಾಯಿತು. ಮುಚ್ಚುವ ಟ್ಯಾಗನ್ನು ನಾವು ಬರೆಯುವ ಪ್ರಸಂಗವೇ ಇಲ್ಲ, ಮರೆಯುವುದು ಎಲ್ಲಿಂದ ಬಂತು?

ಹೆಸರು ಮತ್ತು ಆಜ್ಞೆಯ ಗೊಂದಲವನ್ನು ಬಗೆಹರಿಸುವುದರಲ್ಲಿ ಹ್ಯಾಸ್ಕೆಲ್ ಇನ್ನೂ ಒಂದು ಹೆಜ್ಜೆ ಮುಂದೆ. ಹ್ಯಾಸ್ಕೆಲ್ ಕರಿ ಎಂಬ ತರ್ಕಶಾಸ್ತ್ರಜ್ಞರ ಹೆಸರಿಟ್ಟ ಈ ಭಾಷೆಯ ಮೊದಲ ವಿವರಣೆ ಪ್ರಕಟವಾದದ್ದು 1990ರಲ್ಲಿ. ಇದರಲ್ಲಿ ಪ್ರತಿಯೊಂದು ಮೌಲ್ಯಕ್ಕೂ ಒಂದು ಬಗೆ, ಅಂದರೆ ಟೈಪ್ ಇರುತ್ತದೆ. 2010ರಲ್ಲಿ ರೂಪುಗೊಂಡ ಬ್ಲೇಜ್ ಎಂಬ ಹ್ಯಾಸ್ಕೆಲ್ ಸಾಧನದಲ್ಲಿ ಬರಿಯ ಬರಹ ಒಂದು ಟೈಪ್, ಎಚ್‌ಟಿಎಂಎಲ್ ಬೇರೊಂದು ಟೈಪ್. ಬರಹವನ್ನು ನೇರವಾಗಿ ಪುಟದೊಳಗೆ ತುರುಕಲು ಹೋದರೆ ಪ್ರೋಗ್ರಾಮ್ ಓಡುವ ಮೊದಲೇ ಕಂಪೈಲರ್ ತಡೆಯುತ್ತದೆ. ಒಳಗೆ ಹೋಗುವ ರಾಜಮಾರ್ಗ ಒಂದು ಫಂಕ್ಷನ್. ಬರಹದಲ್ಲಿ ಎಡ ಕೋನಾವರಣ ಕಂಡರೆ ಅದು ಆಂಪರ್ಸೆಂಡ್, ಎಲ್, ಟಿ, ಅರ್ಧವಿರಾಮ ಎಂದು ಬರೆದುಬಿಡುತ್ತದೆ. ಆಗ ಬ್ರೌಸರು ಆವರಣದ ಚಿತ್ರವನ್ನಷ್ಟೇ ತೋರಿಸುತ್ತದೆ, ಅದನ್ನು ಆಜ್ಞೆಯಾಗಿ ನಡೆಸುವುದಿಲ್ಲ. ಒಂದೇ ಒಂದು ಜಾಗದಲ್ಲಿ ಮರೆತರೂ ಕಳ್ಳ ನುಗ್ಗುವ ಕೆಲಸವಿದು. ಹಾಗಿರುವಾಗ ಎಚ್ಚರದ ಭಾರವನ್ನು ಮನುಷ್ಯನ ತಲೆಯಿಂದ ಇಳಿಸಿ ಕಂಪೈಲರಿಗೆ ಹೊರಿಸುವುದು ನನ್ನ ಮಟ್ಟಿಗೆ ಬಹಳ ದೊಡ್ಡ ಅನುಕೂಲ.

ಹಾಗೆಂದು ಎಲ್ಲ ಕಷ್ಟವೂ ತೀರಿತೆಂದು ತಿಳಿಯಬಾರದು. ಪಟ್ಟಿಯ ಸಾಲನ್ನು ಪಟ್ಟಿಯ ಹೊರಗೆ ಇಟ್ಟರೆ ಬ್ಲೇಜ್ ತಡೆಯುವುದಿಲ್ಲ. ಅಂಥ ತಪ್ಪುಗಳನ್ನೂ ಟೈಪಿನಿಂದಲೇ ಹಿಡಿಯಲು ಜರ್ಮನಿಯ ಪೀಟರ್ ಥೀಮನ್ 2002ರಲ್ಲಿ ಒಂದು ಮಾರ್ಗ ತೋರಿಸಿದರು. ಜಾಣತನದ ಕೆಲಸವೇ, ಆದರೆ ಟೈಪುಗಳು ಬಿಗಿಯಾದಷ್ಟೂ ಬರೆಯುವವನಿಗೆ ತಲೆನೋವು ಹೆಚ್ಚು. ಇನ್ನು ಕೊಂಡಿಯ ವಿಳಾಸದ ಜಾಗದಲ್ಲಿ ಜಾವಾಸ್ಕ್ರಿಪ್ಟ್ ಎಂದೇ ಆರಂಭವಾಗುವ ವಿಳಾಸ ಬಂದರೆ, ಅದರಲ್ಲಿ ಆವರಣ ಇಲ್ಲದೆಯೂ ಆಜ್ಞೆ ಇರುತ್ತದೆ. ಅದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ಪುಟದ ಅಂದಚೆಂದ ನೋಡಿಕೊಳ್ಳುವ ಕಲಾವಿದರ ಪಾಡೂ ಇದೆ. ಎಚ್‌ಟಿಎಂಎಲ್ ಬಲ್ಲ ಅವರು ಒಂದು ಗೆರೆಯ ಬಣ್ಣ ಬದಲಿಸುವುದಕ್ಕೂ ಹ್ಯಾಸ್ಕೆಲ್ ಬಲ್ಲವರ ಬಾಗಿಲು ತಟ್ಟಬೇಕಾಗುತ್ತದೆ.

ಈ ಆಲೋಚನೆ ಫಂಕ್ಷನಲ್ ಭಾಷೆಗಳವರಲ್ಲಿಯೇ ಉಳಿದಿಲ್ಲ. ಫೇಸ್‌ಬುಕ್ ಸಂಸ್ಥೆ 2013ರಲ್ಲಿ ಹೊರತಂದ ರಿಯಾಕ್ಟ್ ಎಂಬ ಸಾಧನದಲ್ಲಿಯೂ ಪುಟವೆಂದರೆ ಫಂಕ್ಷನ್ ಮರಳಿಸುವ ವೃಕ್ಷ, ಬರಹವೆಂದರೆ ಬರಹ ಮಾತ್ರ. ಬರಹವನ್ನು ಎಚ್‌ಟಿಎಂಎಲ್ ಆಗಿ ಹಾಗೆಯೇ ಸೇರಿಸುವ ಹಿತ್ತಿಲ ಬಾಗಿಲು ಅಲ್ಲಿಯೂ ಒಂದಿದೆ, ಬ್ಲೇಜ್‌ನಲ್ಲಿಯೂ ಒಂದಿದೆ. ಕೆಲವೊಮ್ಮೆ ಅದು ಬೇಕಾಗುವುದೂ ಉಂಟು. ರಿಯಾಕ್ಟ್‌ನವರು ಆ ಬಾಗಿಲಿಗೆ ಇಟ್ಟ ಹೆಸರು ಸ್ವಾರಸ್ಯವಾಗಿದೆ: ಡೇಂಜರಸ್ಲಿ ಸೆಟ್ ಇನ್ನರ್ ಎಚ್‌ಟಿಎಂಎಲ್. ಉದ್ದನೆಯ, ನಾಲಿಗೆ ತೊಡರುವ ಈ ಹೆಸರನ್ನು ಬೇಕೆಂದೇ ಇಟ್ಟಿದ್ದಾರೆ. ಸಾವಿರಾರು ಸಾಲುಗಳ ಪ್ರೋಗ್ರಾಮನ್ನು ಪರಿಶೀಲಿಸಲು ಕುಳಿತವರು ಮೊದಲು ಈ ಒಂದು ಪದವನ್ನು ಹುಡುಕಿ, ಅದು ಸಿಕ್ಕ ಜಾಗಗಳಲ್ಲಿ ನಿಂತು ಓದಬಹುದು.